ಪಂಪು ಕೊಟ್ಟು ಕುರ್ಚಿಯಲ್ಲಿ ಕೂರಿಸುವ ನಾವು

ಈ ಬರಹ ಕೆಲವರಿಗೆ ಸಿಟ್ಟು ತರಿಸಬಹುದು. ತರಿಸಲಿ. ನನ್ನ ಮೇಲೇ ನನಗೆ ಎರಡು ವರ್ಷದಿಂದ ಸಿಟ್ಟಿದೆ, ಅದರಲ್ಲಿ ನಿಮಗೂ ಸ್ವಲ್ಪ ಪಾಲು ಕೊಡುತ್ತಿದ್ದೇನೆ ಅಂದುಕೊಳ್ಳಿ.

ಮೊನ್ನೆ ಭಾನುವಾರ ಇಲ್ಲೇ ಡೊಂಬಿವಲಿಯಲ್ಲಿ ನಮ್ಮೂರಿನವರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪೂಜೆ ಮುಗಿದು ಎಲೆ ಹಾಕುತ್ತಿದ್ದರು. ಮನೆಯ ಹಿರಿಯರು, ಎಪ್ಪತ್ತರ ಆಸುಪಾಸಿನವರು, ಬಾಲ್ಕನಿ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ನೀಲಿ ಬಣ್ಣದ ಪಂಪು. ಎಲ್ಲರ ಜೊತೆ ಪಂಕ್ತಿಯಲ್ಲಿ ಕೂರೋಣ ಅಂತ ಕಾಣುತ್ತದೆ, ಕುರ್ಚಿಯ ಕೈ ಹಿಡಿದು ಎದ್ದರು. ಅಷ್ಟೇ! ಮಗ, ಸೊಸೆ, ಮಗಳು, ಅಳಿಯ ನಾಲ್ಕೂ ದಿಕ್ಕಿನಿಂದ ಓಡಿ ಬಂದರು. "ಅಪ್ಪ, ನೀವ್ಯಾಕೆ ಏಳ್ತೀರಿ? ಕೂತ್ಕೊಳ್ಳಿ, ಅಲ್ಲಿಗೇ ತಂದು ಕೊಡ್ತೇವೆ." ಅವರು ಮತ್ತೆ ಕೂತರು. ನೆರೆದವರೆಲ್ಲ ಎಷ್ಟು ಪ್ರೀತಿಯ ಮಕ್ಕಳು ಅಂತ ಮೆಚ್ಚಿಕೊಂಡರು.

ನನಗೆ ಮಾತ್ರ ಊಟ ರುಚಿಸಲಿಲ್ಲ. ಯಾಕೆಂದರೆ ಆ ಹಿರಿಯರ ಮುಖದಲ್ಲಿ ನಾನು ಕಂಡದ್ದು ನನ್ನ ಅಣ್ಣಯ್ಯನ ಮುಖ. ಆ ಮಕ್ಕಳಲ್ಲಿ ಕಂಡದ್ದು ನನ್ನನ್ನು.

ನಮ್ಮ ಮನೆಗಳಲ್ಲಿ ದಮ್ಮಿನ ಕಾಯಿಲೆಯವರಿಗೆ ಎಲ್ಲರೂ ಕೊಡುವ ಎರಡು ಉಪದೇಶಗಳಿವೆ. ಒಂದು, "ಪಂಪು ಅಭ್ಯಾಸ ಮಾಡ್ಕೋಬೇಡಿ, ಆಮೇಲೆ ಬಿಡ್ಲಿಕ್ಕಾಗುದಿಲ್ಲ." ಎರಡು, "ಸುಮ್ನೆ ಕೂತ್ಕೊಳ್ಳಿ, ಆಯಾಸ ಮಾಡ್ಕೋಬೇಡಿ." ಎರಡೂ ತಪ್ಪು. ಆದರೆ ಮೊದಲನೆಯ ತಪ್ಪನ್ನು ಡಾಕ್ಟರು ಬೈದು ತಿದ್ದುತ್ತಾರೆ. ಎರಡನೆಯದನ್ನು ಯಾರೂ ತಿದ್ದುವುದಿಲ್ಲ, ಯಾಕೆಂದರೆ ಅದು ಪ್ರೀತಿಯ ವೇಷ ಹಾಕಿಕೊಂಡು ಬರುತ್ತದೆ. ನನ್ನ ತಕರಾರು ಇರುವುದು ಈ ಎರಡನೆಯದರ ಮೇಲೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಕುಂದಾಪುರದಲ್ಲಿ ಬಿ.ಕಾಂ. ಮಾಡಿ 1990ರಲ್ಲಿ ಬ್ಯಾಂಕಿನ ನೌಕರಿಗೆಂದು ಮುಂಬಯಿಗೆ ಬಂದವನು. ಡೆಬಿಟ್ಟು, ಕ್ರೆಡಿಟ್ಟು ಬಿಟ್ಟು ಬೇರೇನೂ ಕಲಿತವನಲ್ಲ. ಆದರೆ ನನ್ನ ಬಿ.ಕಾಂ. ಫೀಸು ಎಲ್ಲಿಂದ ಬರುತ್ತಿತ್ತು ಅನ್ನುವುದನ್ನು ಹೇಳದೆ ಮುಂದಿನ ಮಾತು ಆಡಲಾರೆ.

ಅಣ್ಣಯ್ಯ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವನು. 1971ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಊರಿನ ಒಬ್ಬರ ಬೆನ್ನು ಹಿಡಿದು ಮುಂಬಯಿಗೆ ಬಂದ. ಮೊದಲು ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ಆಮೇಲೆ ಲೋಟ ತೊಳೆಯುವುದು, ಆಮೇಲೆ ಅಡುಗೆಮನೆ. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಆಗ ಅಡುಗೆಮನೆ ಅಂದರೆ ಕಲ್ಲಿದ್ದಲಿನ ಭಟ್ಟಿ. ಕಿಟಕಿ ಇಲ್ಲದ ಕೋಣೆ, ಬೆಳಗಿನ ಜಾವ ನಾಲ್ಕಕ್ಕೆ ಹಚ್ಚಿದ ಬೆಂಕಿ ರಾತ್ರಿ ಹತ್ತರವರೆಗೆ ಆರುವ ಹಾಗಿಲ್ಲ. ಆ ಹೊಗೆಯ ಮಧ್ಯೆ ಹದಿನೈದು ವರ್ಷ ದೋಸೆ ಹೊಯ್ದ. ಆಮೇಲೆ ಗ್ಯಾಸು ಬಂತು, ಆದರೆ ಅಷ್ಟರಲ್ಲಿ ಬೀಡಿಯೂ ಬಂದಿತ್ತು. ತಿಂಗಳು ತಿಂಗಳು ಊರಿಗೆ ಮನಿಯಾರ್ಡರು ಬರುತ್ತಿತ್ತು. ಅಂಚೆಯವ ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ನೋಟು ಎಣಿಸಿ ಕೊಡುತ್ತಿದ್ದ. ಅದರಲ್ಲಿ ನನ್ನ ಫೀಸು, ನನ್ನ ಪುಸ್ತಕ, ನನ್ನ ಚಪ್ಪಲಿ. ನಾನು ಇವತ್ತು ಎ.ಸಿ. ಕ್ಯಾಬಿನ್ನಿನಲ್ಲಿ ಕೂತು ಸಾಲ ಮಂಜೂರು ಮಾಡುತ್ತಿದ್ದರೆ, ಅದಕ್ಕೆ ಅಡವಿಟ್ಟದ್ದು ಅವನ ಶ್ವಾಸಕೋಶ. ಇದು ಅಲಂಕಾರದ ಮಾತಲ್ಲ, ಲೆಕ್ಕದ ಮಾತು.

2018ರಲ್ಲಿ ಅವನಿಗೆ ಸಿಒಪಿಡಿ ಅಂತ ಗೊತ್ತಾಯಿತು. ಕೊಳವೆಯಲ್ಲಿ ಜೋರಾಗಿ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿ ಡಾಕ್ಟರು ಹೇಳಿದರು. ಬೀಡಿ ಅವತ್ತೇ ಬಿಟ್ಟ. ಕೆಲಸವನ್ನು ನಾವು ಬಿಡಿಸಿದೆವು. ಮೂರನೇ ಮಹಡಿ, ಲಿಫ್ಟಿಲ್ಲದ ಹಳೇ ಬಿಲ್ಡಿಂಗು. ತರಕಾರಿಗೆ ಹೊರಟರೆ ಅತ್ತಿಗೆ ಚೀಲ ಕಸಿದುಕೊಳ್ಳುತ್ತಿದ್ದರು. ಹಾಲು ತರಲು ಹೊರಟರೆ ಮಗ ಓಡುತ್ತಿದ್ದ. ನಾನಂತೂ ಎಲ್ಲರಿಗಿಂತ ಒಂದು ಕೈ ಮೇಲು, 18,500 ರೂಪಾಯಿ ಕೊಟ್ಟು ಕಾಲು ಚಾಚುವ ಒರಗು ಕುರ್ಚಿ ತಂದೆ. "ಜೀವಮಾನವಿಡೀ ನಿಂತೇ ದುಡಿದಿದ್ದಿ, ಇನ್ನು ಕೂತ್ಕೋ ಅಣ್ಣಯ್ಯ" ಅಂದೆ. ಅವನ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ. ಆಮೇಲೆ 2020ರ ಕೊರೋನಾ ಬಂತು, ಬಾಗಿಲು ದಾಟುವುದೂ ನಿಂತಿತು.

ಪಂಪು ತಪ್ಪದೆ ತೆಗೆದುಕೊಳ್ಳುತ್ತಿದ್ದ. ಔಷಧಿಗೆ ನಾವು ಒಂದು ರೂಪಾಯಿ ಕೊರೆ ಮಾಡಲಿಲ್ಲ. ಆದರೂ 2022ರ ಹೊತ್ತಿಗೆ ಕುರ್ಚಿಯಿಂದ ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಏದುಸಿರು. "ಎಂತ ಮಾಡುದ್ ಮರಾಯಾ, ಕಾಲೇ ಇಲ್ದ ಹಾಂಗ್ ಆತ್" ಅನ್ನುತ್ತಿದ್ದ. ಕಾಯಿಲೆ ಜೋರಾಯಿತು ಅಂತ ನಾವು ಇನ್ನಷ್ಟು ಕೂರಿಸಿದೆವು. 2023ರ ಜನವರಿಯಲ್ಲಿ ನೆಗಡಿಯೇ ನೆಪವಾಗಿ ಆರು ದಿನ ಆಸ್ಪತ್ರೆ.

ಬಿಡುಗಡೆಯ ದಿನ ಒಬ್ಬಳು ಚಿಕ್ಕ ಪ್ರಾಯದ ಫಿಸಿಯೋಥೆರಪಿಸ್ಟ್ ಬಂದಳು. ದಿನಕ್ಕೆ ಎಷ್ಟು ನಡೆಯುತ್ತಾರೆ ಅಂತ ಕೇಳಿದಳು. ನಾನು ಹೆಮ್ಮೆಯಿಂದ, "ನಾವು ನಡೆಸುವುದೇ ಇಲ್ಲ, ಎಲ್ಲ ಕೂತಲ್ಲಿಗೇ ಕೊಡ್ತೇವೆ" ಅಂದೆ. ಅವಳು ಅವನ ಪೈಜಾಮ ಮೊಣಕಾಲವರೆಗೆ ಸರಿಸಿದಳು. ಐವತ್ತು ವರ್ಷ ನಿಂತು ದುಡಿದ ಕಾಲು ಅದು, ಬೆಂಡೆಕಾಯಿ ಗಿಡದ ಕಾಂಡದ ಹಾಗಿತ್ತು. "ಉಸಿರಾಡಲು ದಾರಿ ಮಾಡಿಕೊಡುವ ಔಷಧಿಗೆ ಇಷ್ಟು ದುಡ್ಡು ಸುರಿಯುತ್ತೀರಿ. ಆ ಉಸಿರನ್ನು ಇವರು ಯಾತಕ್ಕೆ ಉಪಯೋಗಿಸಬೇಕು ಅಂತ ನಿಮ್ಮ ಯೋಚನೆ?" ಅಂತ ಕೇಳಿದಳು. ನನ್ನ ಮಗಳ ವಯಸ್ಸಿನವಳು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಅಲ್ಲಿಂದ ನಾನು ಓದಲು, ಕೇಳಲು ಶುರುಮಾಡಿದೆ. ನನಗೆ ಅರ್ಥವಾದದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

ಸಿಒಪಿಡಿಯಲ್ಲಿ ತೊಂದರೆ ಉಸಿರು ಒಳಗೆ ಹೋಗುವುದರಲ್ಲಿ ಇದೆ ಅಂತ ನಾವೆಲ್ಲ ತಿಳಿದಿದ್ದೇವೆ. ನಿಜವಾದ ತೊಂದರೆ ಉಸಿರು ಹೊರಗೆ ಬರುವುದರಲ್ಲಿ. ದಾದರಿನಲ್ಲಿ ಲೋಕಲ್ ನಿಂತಾಗ ಏನಾಗುತ್ತದೆ ನೋಡಿ. ಇಳಿಯುವವರು ಇಳಿಯದೆ ಹತ್ತುವವರಿಗೆ ಜಾಗವಿಲ್ಲ. ಬಾಗಿಲು ಇಕ್ಕಟ್ಟು, ಗಾಡಿ ನಿಲ್ಲುವುದೋ ಅರ್ಧ ನಿಮಿಷ. ಶ್ವಾಸನಾಳ ಕಿರಿದಾಗಿ, ಒಳಗಿನ ಹಳೇ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಮುಂದಿನ ಉಸಿರು ಎಳೆಯಬೇಕಾಗುತ್ತದೆ. ಹಳೇ ಗಾಳಿ ಒಳಗೇ ಉಳಿಯುತ್ತದೆ, ಎದೆ ಬುಗ್ಗೆಯ ಹಾಗೆ ಉಬ್ಬಿಕೊಳ್ಳುತ್ತದೆ, ಹೊಸ ಗಾಳಿಗೆ ಜಾಗವಿಲ್ಲ. ಬೇಗ ನಡೆದರೆ ಉಸಿರಾಟದ ವೇಗ ಹೆಚ್ಚುತ್ತದೆ, ಅಂದರೆ ಗಾಡಿ ನಿಲ್ಲುವ ಸಮಯ ಇನ್ನೂ ಕಡಿಮೆ. ಒಳಗೆ ಸಿಕ್ಕಿಬೀಳುವ ಗಾಳಿ ಇನ್ನೂ ಹೆಚ್ಚು. ರೋಗಿ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಲ್ಲುವುದು ಇದಕ್ಕೇ.

ಬ್ರಾಂಕೋಡೈಲೇಟರ್ ಅಂದರೆ ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಸಡಿಲಿಸಿ ನಾಳವನ್ನು ಅಗಲ ಮಾಡುವ ಔಷಧಿ. ಸಾಲ್ಬುಟಮಾಲ್ ಕೆಲವೇ ನಿಮಿಷಗಳಲ್ಲಿ ಕೆಲಸ ಶುರುಮಾಡುತ್ತದೆ, ನಾಲ್ಕರಿಂದ ಆರು ಗಂಟೆ ಇರುತ್ತದೆ. ಫಾರ್ಮೋಟೆರಾಲ್ ಹನ್ನೆರಡು ಗಂಟೆ, ಟಯೋಟ್ರೋಪಿಯಂ ಇಡೀ ದಿನ. ಇವು ಮಾಡುವ ದೊಡ್ಡ ಉಪಕಾರ ಏನೆಂದರೆ ಸಿಕ್ಕಿಬಿದ್ದ ಗಾಳಿಯನ್ನು ಹೊರಬಿಡುವುದು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 187 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಆರು ವಾರ ಟಯೋಟ್ರೋಪಿಯಂ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಕ್ಯಾಪ್ಸೂಲು ಕೊಟ್ಟು, ನಿಂತಲ್ಲೇ ತುಳಿಯುವ ಸೈಕಲ್ ತುಳಿಸಿದರು. ಔಷಧಿಯವರು ಸುಮಾರು ಐದನೇ ಒಂದು ಪಾಲು ಹೆಚ್ಚು ಹೊತ್ತು ತುಳಿದರು. ಹಾಗಾಗಿ ಔಷಧಿಯ ಮೇಲೆ ನನಗೆ ತಕರಾರಿಲ್ಲ. ಪಂಪು ಚಟ ಹಿಡಿಸುತ್ತದೆ ಅನ್ನುವವರಿಗೆ ಒಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ಸಾಲ್ಬುಟಮಾಲ್ ಪಂಪಿನ ಒಂದು ಪಫ್ ಅಂದರೆ 100 ಮೈಕ್ರೋಗ್ರಾಂ. ಅದೇ ಔಷಧಿಯ ಮಾತ್ರೆ ಒಂದು ನುಂಗಿದರೆ 4 ಮಿಲಿಗ್ರಾಂ, ಅಂದರೆ 4,000 ಮೈಕ್ರೋಗ್ರಾಂ. ನಲವತ್ತು ಪಟ್ಟು! ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಮಾತ್ರೆಯಲ್ಲೇ ಹೆಚ್ಚು. ಮಾತ್ರೆ ನುಂಗಿದರೆ "ಸಾಧಾರಣ ಔಷಧಿ", ಪಂಪು ಎಳೆದರೆ "ಅಯ್ಯೋ ಪಂಪಿಗೆ ಬಂತಾ!" ಇದು ಯಾವ ಊರಿನ ಲೆಕ್ಕ?

ಈಗ ಮುಖ್ಯ ವಿಷಯ. ಔಷಧಿ ಉಸಿರಿಗೆ ಜಾಗ ಮಾಡಿಕೊಡುತ್ತದೆ. ಆ ಜಾಗವನ್ನು ಬಳಸುವುದು ಕಾಲು. ಬ್ಯಾಂಕಿನ ಭಾಷೆಯಲ್ಲಿ ಹೇಳಬೇಕೆಂದರೆ ಪಂಪು ಅನ್ನುವುದು ಮಂಜೂರಾದ ಲಿಮಿಟ್ಟು. ಅಂಗಡಿಯವನಿಗೆ ಐದು ಲಕ್ಷ ಲಿಮಿಟ್ಟು ಕೊಟ್ಟೆವು, ಅವನು ಒಂದು ರೂಪಾಯಿ ತೆಗೆಯಲಿಲ್ಲ, ಸರಕು ತರಲಿಲ್ಲ, ಶಟರ್ ಎಳೆದು ಕೂತ. ವ್ಯಾಪಾರ ಹೇಗೆ ಆಗುತ್ತದೆ? ಅಣ್ಣಯ್ಯನ ಕಥೆ ಇದೇ ಆಗಿತ್ತು. ನಾಲ್ಕು ವರ್ಷ ದಿನಾ ಲಿಮಿಟ್ಟು ಮಂಜೂರು, ದಿನಾ ಶಟರ್ ಬಂದ್.

ಔಷಧಿ ಕೊಟ್ಟರೆ ರೋಗಿ ತಾನಾಗಿಯೇ ಹೆಚ್ಚು ನಡೆಯುತ್ತಾನೆ ಅಂತ ನಾವೂ ತಿಳಿದಿದ್ದೆವು, ಬಹಳ ಡಾಕ್ಟರರೂ ತಿಳಿದಿರುವ ಹಾಗೆ ಕಾಣುತ್ತದೆ. ಇದನ್ನೇ ಪರೀಕ್ಷಿಸಿದ ಒಂದು ದೊಡ್ಡ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಸುಮಾರು ಮುನ್ನೂರು ರೋಗಿಗಳು, ಹನ್ನೆರಡು ವಾರ. ಕೆಲವರಿಗೆ ಹುಸಿ ಔಷಧಿ, ಕೆಲವರಿಗೆ ನಿಜವಾದ ಬ್ರಾಂಕೋಡೈಲೇಟರು, ಕೆಲವರಿಗೆ ಅದರ ಜೊತೆ ವ್ಯಾಯಾಮದ ತರಬೇತಿ. ಆದರೆ ಎಲ್ಲ ಗುಂಪಿನವರನ್ನೂ ಕೂರಿಸಿಕೊಂಡು, ದಿನಕ್ಕೆ ಇಷ್ಟು ನಡೆಯಬೇಕು, ಹೇಗೆ ನಡೆಯಬೇಕು, ಹೆದರಿಕೆಯನ್ನು ಹೇಗೆ ದಾಟಬೇಕು ಅಂತ ಹೇಳಿಕೊಟ್ಟು ಬೆನ್ನು ಹತ್ತಿದರು. ಫಲಿತಾಂಶ ನೋಡಿ. ಔಷಧಿ ತೆಗೆದುಕೊಂಡವರಿಗೆ ಹೆಚ್ಚು ಹೊತ್ತು ನಡೆಯುವ ಶಕ್ತಿ ಬಂತು, ಔಷಧಿ ಮತ್ತು ತರಬೇತಿ ಎರಡೂ ಸಿಕ್ಕವರಿಗೆ ದಿನದ ಕೆಲಸ ಹಗುರವೆನಿಸಿತು. ಆದರೆ ದಿನದ ಹೆಜ್ಜೆಗಳ ಲೆಕ್ಕ? ಅದು ಎಲ್ಲ ಗುಂಪಿನಲ್ಲೂ ಏರಿತು, ಹುಸಿ ಔಷಧಿಯವರಲ್ಲೂ. ಆ ಏರಿಕೆಗೆ ಔಷಧಿಯಾಗಲಿ ತರಬೇತಿಯಾಗಲಿ ಹೆಚ್ಚಿನದೇನೂ ಸೇರಿಸಲಿಲ್ಲ. ಅಂದರೆ ಶಕ್ತಿ ಕೊಟ್ಟದ್ದು ಔಷಧಿ, ಎಬ್ಬಿಸಿ ನಡೆಸಿದ್ದು ಬೆನ್ನು ಹತ್ತಿದ ಮನುಷ್ಯರು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆನ್ನು ಹತ್ತಬೇಕಾದವರು ನಾವು, ಕುರ್ಚಿ ತಂದೆವು.

ಕೂತಿದ್ದರೆ ಏನು ನಷ್ಟ ಅಂತೀರಾ? ಉಸಿರು ಸಿಗುವುದಿಲ್ಲ ಅಂತ ರೋಗಿ ಕೂರುತ್ತಾನೆ. ಕೂತದ್ದಕ್ಕೆ ತೊಡೆಯ, ಕಾಲಿನ ಸ್ನಾಯು ಕರಗುತ್ತದೆ. ಸೊರಗಿದ ಸ್ನಾಯು ಅಷ್ಟೇ ಕೆಲಸಕ್ಕೆ ಬೇಗ ದಣಿಯುತ್ತದೆ, ಅದಕ್ಕೆ ಇನ್ನೂ ಹೆಚ್ಚು ಉಸಿರು ಬೇಕಾಗುತ್ತದೆ. ಮತ್ತಷ್ಟು ಏದುಸಿರು, ಮತ್ತಷ್ಟು ಕೂರುವುದು. ಚಕ್ರಬಡ್ಡಿ ಇದು, ಬ್ಯಾಂಕಿನವರಿಗಿಂತ ಚೆನ್ನಾಗಿ ಯಾರು ಬಲ್ಲರು! ಬೆಲ್ಜಿಯಂನಲ್ಲಿ 2005ರಲ್ಲಿ ಅಳೆದು ನೋಡಿದಾಗ ಆರೋಗ್ಯವಂತ ಹಿರಿಯರು ದಿನಕ್ಕೆ 81 ನಿಮಿಷ ನಡೆಯುತ್ತಿದ್ದರೆ ಸಿಒಪಿಡಿ ರೋಗಿಗಳು 44 ನಿಮಿಷ ಮಾತ್ರ. ಕೋಪನ್‌ಹೇಗನ್ನಿನವರು ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿ 2006ರಲ್ಲಿ ಹೇಳಿದ್ದು, ವಾರಕ್ಕೆ ಎರಡು ಗಂಟೆಯಷ್ಟು ನಡಿಗೆಗೋ ಸೈಕಲ್ಲಿಗೋ ಸಮನಾದ ಚಟುವಟಿಕೆ ಇದ್ದ ರೋಗಿಗಳು ಆಸ್ಪತ್ರೆಗೆ ಸೇರುವುದೂ, ಶ್ವಾಸದ ಕಾಯಿಲೆಯಿಂದ ಸಾಯುವುದೂ 30ರಿಂದ 40 ಶೇಕಡಾ ಕಡಿಮೆ. ಜರ್ಮನಿಯ 2011ರ ಅಧ್ಯಯನವೊಂದು ಊದಿಸುವ ಪರೀಕ್ಷೆಯ ಅಂಕೆಯೂ ಸೇರಿ ಎಲ್ಲವನ್ನೂ ತೂಗಿ ನೋಡಿ, ಯಾರು ಬದುಕುತ್ತಾರೆ ಅಂತ ಹೇಳಲು ಎಲ್ಲಕ್ಕಿಂತ ಗಟ್ಟಿ ಸೂಚನೆ ದಿನದ ಓಡಾಟ ಅಂತ ಕಂಡುಕೊಂಡಿತು.

ಹೌದು, ನನಗೂ ಇಷ್ಟು ಬುದ್ಧಿ ಇದೆ. ಕಾಯಿಲೆ ಜಾಸ್ತಿ ಇರುವವರು ನಡೆಯುವುದು ಕಡಿಮೆ, ಸಾಯುವುದು ಬೇಗ, ಅದರಲ್ಲಿ ಏನು ವಿಶೇಷ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ನಡೆಸುವ, ಕಾಲು ಬಲಪಡಿಸುವ, ಉಸಿರಾಟ ಕಲಿಸುವ ಕಾರ್ಯಕ್ರಮ ಕೊಟ್ಟು ನೋಡಿದ್ದಾರೆ. ಅದಕ್ಕೆ ಪಲ್ಮನರಿ ರಿಹ್ಯಾಬಿಲಿಟೇಷನ್ ಅಂತ ಹೆಸರು, ಶ್ವಾಸಕೋಶದ ಪುನಶ್ಚೇತನ ಅನ್ನೋಣ. ಇಂಥ 65 ಪ್ರಯೋಗಗಳನ್ನು ಒಟ್ಟು ಹಾಕಿ 2015ರಲ್ಲಿ ಕೊಕ್ರೇನ್ ಸಂಸ್ಥೆಯ ವಿಮರ್ಶೆ ಬಂತು. ಉಸಿರು ಕಟ್ಟುವುದು ಕಡಿಮೆ, ನಡೆಯುವ ಶಕ್ತಿ ಹೆಚ್ಚು, ಬದುಕಿನ ಗುಣ ಉತ್ತಮ. ಇನ್ನು ಮುಂದೆ ಪುನಶ್ಚೇತನ ಕೊಟ್ಟವರನ್ನು ಕೊಡದವರ ಜೊತೆ ಹೋಲಿಸುವ ಪ್ರಯೋಗವೇ ಬೇಡ, ಅಷ್ಟು ಪುರಾವೆ ಸಾಕು ಅಂದುಬಿಟ್ಟರು. ನಮ್ಮ ಭಾಷೆಯಲ್ಲಿ ಫೈಲು ಕ್ಲೋಸ್! ಹತ್ತು ವರ್ಷ ದಾಟಿತು. ನಮ್ಮ ಪೂಜೆಮನೆಗಳಿಗೆ ಆ ಫೈಲು ಇನ್ನೂ ತಲುಪಿಲ್ಲ. ಅಮೆರಿಕದ ಆಲ್ವಾನ್ ಬರಾಕ್ ಎಂಬ ವೈದ್ಯರು ಇಂಥ ರೋಗಿಗಳನ್ನು ನಡೆಸಿ ಗುಣ ಕಂಡದ್ದನ್ನು ಬರೆದದ್ದು 1952ರಲ್ಲಿ ಅಂದರೆ ನಂಬುತ್ತೀರಾ?

ಬಹಳ ದೂರ ಹೋಗುವುದು ಬೇಡ, ನಮ್ಮ ಡೊಂಬಿವಲಿಯ ಯಾವ ಗಾರ್ಡನ್ನಿಗೂ ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ. ಅರ್ಧ ಜನ ಬೈಪಾಸ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು. ಎದೆ ಸೀಳಿ ಹೊಲಿದವರನ್ನು ಕೆಲವೇ ದಿನಕ್ಕೆ ಎಬ್ಬಿಸಿ ನಡೆಸುತ್ತೇವೆ, "ವಾಕಿಂಗ್ ಬಿಡಬೇಡಿ" ಅನ್ನುತ್ತೇವೆ. ಶ್ವಾಸಕೋಶದವರನ್ನು ಮಾತ್ರ ಕೂರಿಸುತ್ತೇವೆ. ಏದುಸಿರು ನೋಡಲು ನಮಗೆ ಹೆದರಿಕೆ, ಅಷ್ಟೇ. ನಮ್ಮ ಹೆದರಿಕೆಗೆ ಅವರನ್ನು ಕಟ್ಟಿಹಾಕುತ್ತೇವೆ.

ತಪ್ಪು ಮನೆಯವರದ್ದೊಂದೇ ಅಲ್ಲ. ಅಣ್ಣಯ್ಯನಿಗೆ ಐದು ವರ್ಷದಲ್ಲಿ ಮೂವರು ಡಾಕ್ಟರರು ಪಂಪು ಬರೆದುಕೊಟ್ಟರು. ಒಬ್ಬರೂ "ನನ್ನೆದುರು ಒಮ್ಮೆ ಎಳೆದು ತೋರಿಸಿ" ಅನ್ನಲಿಲ್ಲ. ಪುಡಿಯ ಕ್ಯಾಪ್ಸೂಲು ಹಾಕುವ ಯಂತ್ರವನ್ನು ಜೋರಾಗಿ, ಆಳವಾಗಿ ಎಳೆಯಬೇಕು. ಅನಿಲದ ಪಂಪನ್ನು ಒತ್ತಿ ನಿಧಾನವಾಗಿ ಎಳೆದು ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಅಣ್ಣಯ್ಯ ಎರಡನ್ನೂ ಉಲ್ಟಾ ಮಾಡುತ್ತಿದ್ದ! ಔಷಧಿಯ ಬಹುಪಾಲು ನಾಲಿಗೆಗೆ, ಗಂಟಲಿಗೆ. ಅದನ್ನು ಕಂಡುಹಿಡಿದದ್ದೂ ಆ ಫಿಸಿಯೋ ಹುಡುಗಿಯೇ. ಇನ್ನು ನಡಿಗೆಯ ವಿಷಯ ಆ ಚೀಟಿಗಳಲ್ಲಿ ಎಲ್ಲಿಯೂ ಇರಲಿಲ್ಲ. "ದಿನಕ್ಕೆ ಎರಡು ಪಫ್" ಅಂತ ಬರೆಯುವ ಕೈಗೆ "ದಿನಕ್ಕೆ ಇಪ್ಪತ್ತು ನಿಮಿಷ ನಡಿಗೆ" ಅಂತ ಬರೆಯಲು ಎಷ್ಟು ಶಾಯಿ ಬೇಕು ಸ್ವಾಮಿ?

ಆಮೇಲೆ ವಿಮೆ. ಆರು ದಿನದ ಆಸ್ಪತ್ರೆ ಬಿಲ್ಲು 1,12,000 ರೂಪಾಯಿ, ವಿಮೆಯವರು ಹೆಚ್ಚುಕಮ್ಮಿ ಪೂರ್ತಿ ಕೊಟ್ಟರು. ಎಂಟು ವಾರದ ಪುನಶ್ಚೇತನಕ್ಕೆ 9,600 ರೂಪಾಯಿ, ಒಂದು ಪೈಸೆ ಕೊಡಲಿಲ್ಲ. ಯಾಕೆಂದರೆ ರೋಗಿ ಮಂಚದ ಮೇಲೆ ಇಪ್ಪತ್ತನಾಲ್ಕು ಗಂಟೆ ಮಲಗಿರಲಿಲ್ಲ! ನಮ್ಮ ದೇಶದ ಬಹುತೇಕ ಸಾಮಾನ್ಯ ಪಾಲಿಸಿಗಳ ಕಥೆ ಇದೇ. ಮಲಗಿದರೆ ಹಣ, ನಡೆದರೆ ಇಲ್ಲ. ಆಸ್ಪತ್ರೆಯಿಂದ ಬಿಟ್ಟ ನಾಲ್ಕು ವಾರದೊಳಗೆ ಪುನಶ್ಚೇತನ ಶುರುಮಾಡಿದರೆ ಮತ್ತೆ ಭರ್ತಿಯಾಗುವುದು ಕಡಿಮೆ ಅಂತ ಗೋಲ್ಡ್ ಎಂಬ ಅಂತರರಾಷ್ಟ್ರೀಯ ಸಿಒಪಿಡಿ ಮಾರ್ಗಸೂಚಿಯೇ ಹೇಳುತ್ತದೆ. 9,600 ಉಳಿಸಲು ಹೋಗಿ ಮತ್ತೊಂದು ಲಕ್ಷದ ಬಿಲ್ಲಿಗೆ ಬಾಗಿಲು ತೆರೆದಿಡುವ ಈ ಬುದ್ಧಿವಂತಿಕೆಯನ್ನು ನಮ್ಮ ಬ್ರಾಂಚಿನಲ್ಲಿ ಯಾರಾದರೂ ತೋರಿಸಿದ್ದರೆ ಮೆಮೋ ಕೊಡುತ್ತಿದ್ದೆವು. ಇದು ಒಂದೆರಡು ಮನೆಯ ಲೆಕ್ಕವೂ ಅಲ್ಲ. 2016ರ ಅಂದಾಜಿನಂತೆ ನಮ್ಮ ದೇಶದಲ್ಲಿ ಸಿಒಪಿಡಿ ಇದ್ದವರು ಸುಮಾರು ಐದೂವರೆ ಕೋಟಿ. ಅವರಲ್ಲಿ ಜೀವಮಾನದಲ್ಲಿ ಬೀಡಿ ಮುಟ್ಟದ, ಊರಿನ ಸೌದೆ ಒಲೆಯ ಮುಂದೆ ಕೂತು ಊದುಗೊಳವೆ ಊದಿದ ನಮ್ಮ ಅಮ್ಮಂದಿರೂ ಇದ್ದಾರೆ. ಅವರಿಗೆ ಪಂಪೂ ಇಲ್ಲ, ಪರೀಕ್ಷೆಯೂ ಇಲ್ಲ. "ವಯಸ್ಸಾಯ್ತು, ಹಾಂಗೇ" ಅಂತ ಮುಗಿಸಿಬಿಡುತ್ತೇವೆ.

ಈಗ ನಿಮ್ಮ ಆಕ್ಷೇಪಣೆಗಳು. ಪೂಜೆಮನೆಯಲ್ಲೇ ನನ್ನನ್ನು ಸುತ್ತುವರಿದು ಕೇಳಿದವು.

"ಮುಂಬಯಿಯಲ್ಲಿ ನಡೆಯಲು ಜಾಗ ಎಲ್ಲಿದೆ, ಗಾಳಿ ಎಲ್ಲಿದೆ?" ಒಪ್ಪುತ್ತೇನೆ. ಇದು ಗಟ್ಟಿ ಆಕ್ಷೇಪಣೆ. ಲಂಡನ್ನಿನಲ್ಲಿ 60 ದಾಟಿದವರನ್ನು ಎರಡು ಗಂಟೆ ಡೀಸೆಲ್ ಹೊಗೆಯ ಆಕ್ಸ್‌ಫರ್ಡ್ ಬೀದಿಯಲ್ಲೂ, ಇನ್ನೊಂದು ದಿನ ಹೈಡ್ ಪಾರ್ಕಿನಲ್ಲೂ ನಡೆಸಿ ನೋಡಿದರು. ಪಾರ್ಕಿನ ನಡಿಗೆಯಿಂದ ಶ್ವಾಸಕೋಶಕ್ಕೆ ಆದ ಲಾಭ ಬೀದಿಯ ನಡಿಗೆಯಲ್ಲಿ ಬಹುಮಟ್ಟಿಗೆ ತೊಳೆದುಹೋಯಿತು, ಸಿಒಪಿಡಿಯವರಿಗೆ ಕೆಮ್ಮು, ದಮ್ಮು ಹೆಚ್ಚಾಯಿತು ಅಂತ 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹಾಗಾಗಿ ಸಂಜೆ ಏಳಕ್ಕೆ ಸ್ಟೇಷನ್ ರಸ್ತೆಯಲ್ಲಿ ರಿಕ್ಷಾಗಳ ಮಧ್ಯೆ ನಡೆಸಿ ಅಂತ ನಾನು ಹೇಳುತ್ತಿಲ್ಲ. ಮನೆಯೊಳಗೆ ನಡೆಯಬಹುದು. ಬಿಲ್ಡಿಂಗಿನ ಪ್ಯಾಸೇಜಿನಲ್ಲಿ ನಡೆಯಬಹುದು. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದೂ ವ್ಯಾಯಾಮವೇ. ಅಣ್ಣಯ್ಯ ಶುರುಮಾಡಿದ್ದು ಹಾಲ್‌ನಿಂದ ಅಡುಗೆಮನೆಗೆ ಹತ್ತು ಸುತ್ತು.

"ಹೆಚ್ಚುಕಮ್ಮಿ ಆದರೆ ಯಾರು ಹೊಣೆ?" ಅದಕ್ಕೇ ಮೊದಲು ಪರೀಕ್ಷೆ ಮಾಡಿಸಿ. ಕೆಲವರಿಗೆ ನಡೆಯುವಾಗ ರಕ್ತದ ಆಕ್ಸಿಜನ್ ಇಳಿಯುತ್ತದೆ, ಕೆಲವರಿಗೆ ಹೃದಯದ ತೊಂದರೆಯೂ ಇರುತ್ತದೆ. ಆರು ನಿಮಿಷ ನಡೆಸಿ ನೋಡುವ ಸರಳ ಪರೀಕ್ಷೆ ಇದೆ. ಎದೆನೋವು, ತಲೆಸುತ್ತು ಬಂದರೆ, ಕಾಯಿಲೆ ಉಲ್ಬಣಿಸಿ ಜ್ವರ ಕಫ ಇದ್ದರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಆದರೆ ನಡೆಯುವಾಗ ಏದುಸಿರು ಬರುವುದೇ ಅಪಾಯವಲ್ಲ. ಮಾತು ಪೂರ್ತಿ ನಿಲ್ಲದಷ್ಟು ಏದುಸಿರು ಬರಲಿ, ನಿಲ್ಲಲಿ, ತುಟಿಯನ್ನು ಸೀಟಿ ಹೊಡೆಯುವ ಹಾಗೆ ಮಾಡಿ ನಿಧಾನ ಉಸಿರು ಬಿಡಲಿ, ಮತ್ತೆ ನಡೆಯಲಿ. ಹೊರಡುವ ಹತ್ತು ಹದಿನೈದು ನಿಮಿಷ ಮೊದಲು ನೀಲಿ ಪಂಪು ತೆಗೆದುಕೊಳ್ಳಬೇಕೇ ಅಂತ ಡಾಕ್ಟರನ್ನು ಕೇಳಿ. ಅಣ್ಣಯ್ಯನಿಗೆ ಹಾಗೆ ಹೇಳಿದ್ದಾರೆ. ಪಂಪು ಜೇಬಿನಲ್ಲೇ ಇರಲಿ.

"ಈ ವಯಸ್ಸಿಗೆ ಯಾಕೆ ಕಷ್ಟ, ಆರಾಮವಾಗಿ ಇರಲಿ ಬಿಡಿ." ಇದಕ್ಕೆ ನಾನಲ್ಲ, ಅಣ್ಣಯ್ಯನೇ ಉತ್ತರ ಕೊಟ್ಟಿದ್ದಾನೆ. ಪುನಶ್ಚೇತನಕ್ಕೆ ಹೋಗಲು ಶುರುವಾದ ಮೂರನೇ ವಾರ ಒಂದು ದಿನ ಹೇಳಿದ: "ಆ ಕುರ್ಚಿ ತಂದ್ ದಿನ ನಂಗ್ ಅನ್ಸಿತ್ ಕಾಣ್, ಇನ್ ನನ್ ಕೆಲ್ಸ ಮುಗೀತ್ ಅಂದೇಳಿ." ನಾನು ಅವನ ಕಣ್ಣೀರನ್ನು ಕೃತಜ್ಞತೆ ಅಂತ ತಿಳಿದಿದ್ದೆ.

ಪವಾಡವೇನೂ ಆಗಿಲ್ಲ. ಕಾಯಿಲೆ ಹಾಗೇ ಇದೆ, ಹಾಳಾದ ಶ್ವಾಸಕೋಶ ಮರಳಿ ಬರುವುದಿಲ್ಲ. 2024ರ ಡಿಸೆಂಬರಿನಲ್ಲಿ ಮತ್ತೆ ಮೂರು ದಿನ ಆಸ್ಪತ್ರೆ ಕಂಡ. ಆದರೆ ಆರು ನಿಮಿಷದ ಪರೀಕ್ಷೆಯಲ್ಲಿ ಮೊದಲ ದಿನ 190 ಮೀಟರು ನಡೆದವನು ಎಂಟು ವಾರದ ಕೊನೆಗೆ 265 ನಡೆದ. ಔಷಧಿ ಅದೇ, ಎಳೆಯುವ ರೀತಿ ಸರಿಯಾಗಿದೆ, ಕಾಲು ಕೆಲಸ ಮಾಡುತ್ತಿದೆ. ಮೂರು ಮಹಡಿ ಇಳಿಯುತ್ತಾನೆ, ಪ್ರತಿ ತಿರುವಿನಲ್ಲೂ ನಿಂತು ಹತ್ತುತ್ತಾನೆ. ಬೆಳಿಗ್ಗೆ ಟ್ರಾಫಿಕ್ ಶುರುವಾಗುವ ಮೊದಲು ಗಲ್ಲಿಯ ಕೊನೆಯ ಉಡುಪಿ ಹೋಟೆಲಿಗೆ ಹೋಗಿ ಕಾಫಿ ಕುಡಿದು, ಅಲ್ಲಿನ ದೋಸೆಗೆ ಹೆಸರಿಟ್ಟು ಬರುತ್ತಾನೆ. ಹೆಸರಿಡಲು ಸಾಕಾಗುವಷ್ಟು ಉಸಿರಿದೆ ಅಂದರೆ ಅಷ್ಟೇ ಸಾಕು ನನಗೆ.

2018ರಿಂದ 2022ರವರೆಗಿನ ನಾಲ್ಕು ವರ್ಷ ಮಾತ್ರ ಯಾವ ಖಾತೆಗೂ ವಾಪಸು ಜಮಾ ಆಗುವುದಿಲ್ಲ. ಅದನ್ನು ಬರೆದುಹಾಕಿದ್ದೇನೆ, ಮರೆತಿಲ್ಲ.

ನಿಮ್ಮ ಮನೆಯಲ್ಲಿ ಅಂಥ ಕುರ್ಚಿ ಇದ್ದರೆ ಇವತ್ತು ಸಂಜೆ ಮೂರು ಕೆಲಸ ಮಾಡಿ. ಪಂಪು ಹೇಗೆ ಎಳೆಯುತ್ತಾರೆ ಅಂತ ಎದುರು ಕೂತು ನೋಡಿ, ಅನುಮಾನ ಇದ್ದರೆ ಡಾಕ್ಟರರಿಗೆ ತೋರಿಸಿ. ಮುಂದಿನ ಸಲ ಹೋದಾಗ "ಇವರು ದಿನಕ್ಕೆ ಎಷ್ಟು ನಡೆಯಬೇಕು" ಅಂತ ಬಾಯಿಬಿಟ್ಟು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮತ್ತೆ ಅವರು ನೀರಿಗೆಂದು ಎದ್ದಾಗ ಓಡಿಹೋಗಿ ತಂದುಕೊಡಬೇಡಿ. ಜೊತೆಗೆ ನಡೆದುಹೋಗಿ. ಪ್ರೀತಿ ತೋರಿಸಲು ಅದೂ ಒಂದು ದಾರಿಯೇ.

ಪೂಜೆಮನೆಯ ಆ ಹಿರಿಯರನ್ನು ನಾನು ಹೊರಡುವಾಗ, "ಬನ್ನಿ, ಲಿಫ್ಟಿನವರೆಗೆ ಕಳಿಸಿಕೊಡಿ" ಅಂತ ಕರೆದೆ. ಮಗ ಬೇಡ ಅನ್ನುವ ಮೊದಲೇ ಅವರು ಎದ್ದು ಚಪ್ಪಲಿ ಹುಡುಕತೊಡಗಿದ್ದರು.

ನಿಮ್ಮ ಮನೆಯ ಅನುಭವ ಇದಕ್ಕೆ ವಿರುದ್ಧವಾಗಿದ್ದರೆ ಅದನ್ನೂ ಬರೆಯಿರಿ. ಜಗಳ ಆಡೋಣ. ಆದರೆ ಕೂತುಕೊಂಡಲ್ಲ, ನಡೆಯುತ್ತಾ ಆಡೋಣ, ಏನಂತೀರಿ?